ಗಂಡಗ ಗೊತ್ತಿಲ್ಲದ ಸಾಲ, ಹೆಂಡ್ತಿಗೆ ಗೊತ್ತಿಲ್ಲದ ಬಿಲ್ಲು

ಕಬ್ಬಿನ ಬಿಲ್ಲು ಜಮಾ ಆದ ದಿನ ಮನೆಯಲ್ಲಿ ಹೋಳಿಗೆ ಆಗಬೇಕು. ಅಗರಖೇಡ ಮತ್ತು ಸುತ್ತಲಿನ ಭೀಮಾ ದಂಡೆಯ ಊರುಗಳಲ್ಲಿ ಎಷ್ಟೋ ಮನೆಗಳಲ್ಲಿ ಆ ದಿನ ಆಗುವುದು ಜಗಳ.

ಜಗಳದ ಮಾತು ಎಲ್ಲ ಮನೆಗಳಲ್ಲೂ ಹೆಚ್ಚು ಕಡಿಮೆ ಒಂದೇ.

"ಎಷ್ಟ ಬಂತ್ರಿ?"

"ಬಂದದ್ದ ಬಂತು. ನಿನಗ್ಯಾಕ ಬೇಕ ಅದು?"

"ಬುಧವಾರಕ್ಕ ಸಂಘದವ್ರು ಬರ್ತಾರ."

"ಯಾವ ಸಂಘ? ಯಾರ್ನ ಕೇಳಿ ರೊಕ್ಕ ಎತ್ತಿದಿ?"

ಮುಂದಿನದು ಓಣಿಗೆಲ್ಲ ಕೇಳಿಸುತ್ತದೆ. ಮರುದಿನ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಅದೇ ಸುದ್ದಿ. ಕೇಳಿದವರು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟು ಬಸ್ಸು ಹತ್ತುತ್ತಾರೆ: "ರೊಕ್ಕ ಸಾಲಂಗಿಲ್ಲ, ಜಗಳ ಆಗ್ತಾವ."

ಇದು ಅರ್ಧ ಸತ್ಯ. ರೊಕ್ಕ ಸಾಲುವುದಿಲ್ಲ, ನಿಜ. ಆದರೆ ರೊಕ್ಕ ಸಾಲದ ಮನೆಗಳೆಲ್ಲ ಜಗಳದ ಮನೆಗಳಲ್ಲ. ಕೈತುಂಬ ಬಂದ ಮನೆಗಳೆಲ್ಲ ಶಾಂತವಾಗಿಯೂ ಇಲ್ಲ. ಈಗಿನ ಮನೆಯಲ್ಲಿ ಗಂಡನ ಕೈಗೂ ರೊಕ್ಕ ಬರುತ್ತದೆ, ಹೆಂಡತಿಯ ಖಾತೆಗೂ ಬರುತ್ತದೆ. ಸಾಲ ಇಬ್ಬರ ಹೆಸರಿನಲ್ಲೂ ಇದೆ. ಒಬ್ಬರ ಲೆಕ್ಕ ಮತ್ತೊಬ್ಬರಿಗೆ ಗೊತ್ತಿಲ್ಲ. ತಾಪತ್ರಯದ ಬೇರು ಇರುವುದು ಇಲ್ಲಿ.

ಒಂದು ಮನೆ, ಎರಡು ಪಂಚಾಂಗ

ಇಂಡಿ ತಾಲೂಕಿನ ರೈತನ ಮನೆಗೆ ರೊಕ್ಕ ಬರುವ ದಾರಿ ನೋಡಿ. ಕಬ್ಬು ವರ್ಷಕ್ಕೊಮ್ಮೆ. ತೊಗರಿ ವರ್ಷಕ್ಕೊಮ್ಮೆ, ಅದೂ ಸಂಕ್ರಾಂತಿಯ ಆಸುಪಾಸು. ಇಂಡಿಯ ಲಿಂಬಿಹಣ್ಣಿಗೆ 2023ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕು ಹೆಸರು ದೊಡ್ಡದಾಯಿತು. ದರ ಮಾತ್ರ ಹಳೆಯ ಚಾಳಿ ಬಿಟ್ಟಿಲ್ಲ. ಬ್ಯಾಸಗಿಯಲ್ಲಿ ಏರುತ್ತದೆ, ಮಳೆ ಬಿದ್ದರೆ ಕೂಡುತ್ತದೆ. ಕಬ್ಬಿನ ಬಿಲ್ಲಿನ ಮಾತು ಬೇರೆಯೇ. ಕಬ್ಬು ಕಾರ್ಖಾನೆಗೆ ಮುಟ್ಟಿದ 14 ದಿನದೊಳಗೆ ರೊಕ್ಕ ಕೊಡಬೇಕು, ತಡವಾದರೆ ವರ್ಷಕ್ಕೆ ನೂರಕ್ಕೆ 15ರಂತೆ ಬಡ್ಡಿ ಸೇರಿಸಿ ಕೊಡಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶದಲ್ಲಿದೆ. ಬಡ್ಡಿ ಎಣಿಸಿಕೊಂಡ ರೈತ ಎಲ್ಲಾದರೂ ಸಿಕ್ಕರೆ ಅವನಿಗೆ ಹಾರ ಹಾಕಬಹುದು.

ಇದು ಗಂಡನ ಪಂಚಾಂಗ. ವರ್ಷಕ್ಕೆ ಎರಡು ಮೂರು ಸಲ ದೊಡ್ಡ ಗಂಟು, ನಡುವೆ ಬರೀ ಕೈ.

ಹೆಂಡತಿಯ ಪಂಚಾಂಗ ಹಾಗಿಲ್ಲ. ಹಾಲು ದಿನಾ ಬೇಕು. ಸಂತಿ ವಾರಕ್ಕೊಮ್ಮೆ. ಸಂಘದ ಹಪ್ತೆ ವಾರಕ್ಕೊಮ್ಮೆ. ಗ್ಯಾಸಿನ ಸಿಲಿಂಡರು ಹೇಳದೆ ಕೇಳದೆ ಮುಗಿಯುತ್ತದೆ. ಸಾಲಿ ಫೀಜು, ನೋಟಬುಕ್ಕು, ಬೂಟು ಜೂನ್ ತಿಂಗಳಲ್ಲಿ, ಅಂದರೆ ಹೊಲದಿಂದ ಒಂದು ಪೈಸೆಯೂ ಬಾರದೆ ಬೀಜ-ಗೊಬ್ಬರಕ್ಕೇ ರೊಕ್ಕ ಸುರಿಯಬೇಕಾದ ಹೊತ್ತಿನಲ್ಲಿ. ಗಂಡ ವರ್ಷದ ಲೆಕ್ಕದಲ್ಲಿ ಯೋಚಿಸುತ್ತಾನೆ, ಹೆಂಡತಿ ವಾರದ ಲೆಕ್ಕದಲ್ಲಿ. ಇಬ್ಬರ ಲೆಕ್ಕವೂ ಸರಿಯೇ. ಎರಡೂ ಒಂದು ಹಾಳೆಯ ಮೇಲೆ ಬರುವುದಿಲ್ಲ ಎಂಬುದೇ ಸಂಕಟ.

ನದಿಯೊಂದು ಬೇರೆ. 2020ರ ಅಕ್ಟೋಬರದಲ್ಲಿ ಭೀಮಾ ಉಕ್ಕಿತು, 2025ರ ಸಪ್ಟಂಬರದಲ್ಲಿ ಮತ್ತೆ ಉಕ್ಕಿತು. ಮೇಲೆ ಮಹಾರಾಷ್ಟ್ರದಲ್ಲಿ ಉಜನಿಯಿಂದ ನೀರು ಬಿಟ್ಟರೆ ಇಲ್ಲಿ ದಂಡೆಯ ಹೊಲ ಕೆರೆಯಾಗುತ್ತದೆ. ಬೆಳೆ ನೀರಿನಲ್ಲಿ ನಿಂತ ವರ್ಷ ಗಂಡನ ಪಂಚಾಂಗದ ಒಂದು ಹಾಳೆಯೇ ಹರಿದುಹೋಗುತ್ತದೆ. ಹೆಂಡತಿಯ ಪಂಚಾಂಗದಲ್ಲಿ ಬುಧವಾರ ಬರುವುದು ತಪ್ಪುವುದಿಲ್ಲ.

ಎರಡು ಸಾವಿರದ ಮಹಿಮೆ

2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಗೃಹಲಕ್ಷ್ಮಿ ಯೋಜನೆ ಚಾಲೂ ಆಯಿತು. ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ. ಅದಕ್ಕೂ ಮೊದಲು, ಅದೇ ವರ್ಷ ಜೂನ್ 11ರಿಂದ, ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸಿನಲ್ಲಿ ಬಿಟ್ಟಿ ಪ್ರಯಾಣ. ಗಡಿಯಾಚೆ ಮಹಾರಾಷ್ಟ್ರದಲ್ಲೂ 2024ರಿಂದ ಲಾಡಕಿ ಬಹೀಣ ಎಂದು ತಿಂಗಳಿಗೆ 1,500 ಕೊಡಲು ಶುರುವಾಯಿತು. ನದಿಯ ಈ ದಂಡೆಯ ಅಕ್ಕ ಮತ್ತು ಆ ದಂಡೆಯ ತಂಗಿ ಇಬ್ಬರ ಹೆಸರಿನಲ್ಲೂ ಹುಟ್ಟಿದಾಗಿನಿಂದ ಬಾರದ ರೊಕ್ಕ ಬಂತು.

ಅಂಗಡಿ ಕಟ್ಟೆಯ ಪಂಡಿತರು ಆಗಿನಿಂದ ಒಂದೇ ರಾಗ ಹಾಡುತ್ತಿದ್ದಾರೆ. "ಸರಕಾರದ ರೊಕ್ಕ ಬಂದಮ್ಯಾಲ ಹೆಣ್ಮಕ್ಕಳು ಗಂಡನ ಮಾತ ಕೇಳಂಗಿಲ್ಲ." ಹಾಗೆ ಹೇಳುವವರು ಅಂಗಡಿಯ ಗಲ್ಲೆಯ ಕಡೆಯಿಂದ ನೋಡಿದರೆ ಬೇರೆ ಕಾಣುತ್ತದೆ. ಮೊದಲು ಕಿರಾಣಿ ಸಾಮಾನಿಗೆ ಗಂಡನೇ ಚೀಟಿ ಕೊಟ್ಟು ರೊಕ್ಕ ಕೊಡುತ್ತಿದ್ದ. ಈಗ ಹಲವು ಮನೆಗಳಲ್ಲಿ ಗಂಡ ಕೈ ತೊಳೆದುಕೊಂಡಿದ್ದಾನೆ. "ನಿನಗ ಎರಡ ಸಾವಿರ ಬರ್ತಾವಲ್ಲ, ಅದರಾಗ ಮಾಡು." ಎರಡು ಸಾವಿರ ಬಂದು ಮೂರು ಸಾವಿರದ ಜವಾಬ್ದಾರಿ ಹೆಂಡತಿಯ ತಲೆಗೆ ಬಂತು.

ಲೆಕ್ಕ ಹಾಕಿ ನೋಡಬೇಕು. ಕೇಂದ್ರ ಸರಕಾರ ನಡೆಸಿದ 2023-24ರ ಮನೆಖರ್ಚಿನ ಸಮೀಕ್ಷೆಯಂತೆ ದೇಶದ ಹಳ್ಳಿಗಳಲ್ಲಿ ಒಂದು ತಲೆಗೆ ತಿಂಗಳಿಗೆ ಸರಾಸರಿ ಖರ್ಚು 4,122 ರೂಪಾಯಿ. ಐದು ಜನರ ಮನೆಗೆ ಹಿಡಿದರೆ 20,610. ಎರಡು ಸಾವಿರ ಅಂದರೆ ಅದರಲ್ಲಿ ಹತ್ತನೇ ಒಂದು ಪಾಲೂ ಪೂರ್ತಿ ಆಗಲಿಲ್ಲ. ಅದೂ ತಿಂಗಳು ತಿಂಗಳು ಸರಿಯಾಗಿ ಬಂದರೆ ಮಾತ್ರ. ಎರಡು ಮೂರು ತಿಂಗಳು ತಡೆದು ಬಂದದ್ದನ್ನು ರಾಜ್ಯವೆಲ್ಲ ಕಂಡಿದೆ. ಗಂಡನ ಲೆಕ್ಕದಲ್ಲಿ ಆ ತಡವಿಲ್ಲ. "ಬರ್ತಾವಲ್ಲ" ಎಂದರೆ ಮುಗಿಯಿತು.

ಇನ್ನು ರೇಶನ್ ಕಾರ್ಡಿನಲ್ಲಿ ಯಜಮಾನಿ ಎಂದು ಅತ್ತೆಯ ಹೆಸರಿದ್ದರೆ ಸೊಸೆಗೆ ಅದೂ ಇಲ್ಲ. ಗಂಡ ಆದಾಯ ತೆರಿಗೆ ಇಲ್ಲವೇ ಜಿಎಸ್‌ಟಿ ತುಂಬುವ ವ್ಯಾಪಾರಿಯಾದರೆ ಹೆಂಡತಿಗೆ ಯೋಜನೆಯ ಬಾಗಿಲೇ ಮುಚ್ಚಿದೆ. ಅಂಗಡಿಕಾರರ ಮನೆಯ ಹೆಂಗಸರು ಊರಿಗೆಲ್ಲ ಸಾಮಾನು ಕಟ್ಟಿ ಕೊಟ್ಟು, ತಮ್ಮ ಕೈಯಲ್ಲಿ ಬಳೆಗೆ ರೊಕ್ಕ ಬೇಕೆಂದರೆ ಗಲ್ಲೆಯ ಕಡೆ ಮುಖ ಮಾಡಿ ನಿಲ್ಲಬೇಕು. ಈ ಮಾತು ಓದುತ್ತ ಗಲ್ಲೆಯ ಮೇಲೆ ಕುಳಿತವರು ಒಂದು ಸಲ ಒಳಗಿನ ಬಾಗಿಲ ಕಡೆ ನೋಡಿದರೆ ತಪ್ಪಿಲ್ಲ.

ಮತ್ತೊಂದು ಸೂಕ್ಷ್ಮ ಇದೆ. ಖಾತೆ ಹೆಂಡತಿಯದು, ಖಾತೆಗೆ ಜೋಡಿಸಿದ ಮೊಬೈಲ ನಂಬರು ಗಂಡನದು ಇಲ್ಲವೇ ಮಗನದು. ರೊಕ್ಕ ಬಂತು ಎಂಬ ಮೆಸೇಜು ಹೋಗುವುದು ಗಂಡನ ಕಿಸೆಗೆ. ಓಟಿಪಿ ಬರುವುದೂ ಅಲ್ಲಿಗೇ. ಫೋನ್‌ಪೇ ಒತ್ತುವ ಬೆರಳೂ ಅವನದೇ. ಹೆಂಡತಿ ಪಾಸಬುಕ್ಕು ಹಿಡಿದು ಬ್ಯಾಂಕಿನಲ್ಲಿ ಪಾಳಿ ಹಚ್ಚಿದಾಗ "ಬಾಯಾರ, ನಿನ್ನೇನ ತೆಗದಾರಲ್ಲ" ಎಂಬ ಉತ್ತರ ಸಿಗುತ್ತದೆ. ಇದಕ್ಕೆ ಕಳವು ಎಂದು ಯಾರೂ ಹೆಸರಿಡುವುದಿಲ್ಲ. ಹೆಸರಿಡದಿದ್ದರೆ ಅದು ಬೇರೆ ಆಗುವುದೂ ಇಲ್ಲ.

ಹಪ್ತೆಯ ಬುಧವಾರ

ಹೆಂಡತಿಯ ಕಡೆಯ ತಪ್ಪನ್ನೂ ಹೇಳದೆ ಬಿಡಬಾರದು. ಗಂಡನಿಗೆ ಹೇಳದೆ ಸಂಘದಿಂದ, ಫೈನಾನ್ಸಿನಿಂದ ರೊಕ್ಕ ಎತ್ತುವುದು ಈಗ ಊರೂರಿನ ಮಾತು. ಮಗಳ ಸೀಮಂತಕ್ಕೆ, ತಮ್ಮನ ಆಪರೇಶನ್ನಿಗೆ, ಎಷ್ಟೋ ಸಲ ಗಂಡನೇ ಮಾಡಿದ ಕೈಗಡದ ಬಾಯಿ ಮುಚ್ಚಲಿಕ್ಕೆ. ಕಾರಣ ಒಳ್ಳೆಯದೇ ಇರುತ್ತದೆ. ಒಂದರ ಹಪ್ತೆ ತುಂಬಲಿಕ್ಕೆ ಇನ್ನೊಂದು ಸಾಲ ಎತ್ತಿದಾಗ ಆ ಒಳ್ಳೆಯ ಕಾರಣ ಸತ್ತುಹೋಗುತ್ತದೆ. ವಾರಕ್ಕೆ 650ರಂತೆ ಎರಡು ಕಡೆ ಕಟ್ಟುವ ಮನೆಯನ್ನು ಉದಾಹರಣೆಗೆ ಹಿಡಿಯಿರಿ. ನಾಲ್ಕು ವಾರಕ್ಕೆ 5,200. ಗೃಹಲಕ್ಷ್ಮಿ 2,000. ಉಳಿದ 3,200 ಎಲ್ಲಿಂದ? ಕೂಲಿಯಿಂದ, ಹಾಲಿನ ರೊಕ್ಕದಿಂದ, ಕೊನೆಗೆ ಕಿವಿಯೊಳಗಿನ ಬೆಂಡೋಲಿಯಿಂದ.

ಇಲ್ಲಿ ಒಂದು ವಿಚಿತ್ರವಿದೆ. 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ರಿಜರ್ವ್ ಬ್ಯಾಂಕಿನ ನಿಯಮದಂತೆ ಕಿರುಸಾಲಕ್ಕೆ 'ಕುಟುಂಬ' ಎಂದರೆ ಗಂಡ, ಹೆಂಡತಿ ಮತ್ತು ಲಗ್ನವಾಗದ ಮಕ್ಕಳು. ಕುಟುಂಬದ ವರ್ಷದ ಆದಾಯ 3 ಲಕ್ಷದ ಒಳಗಿರಬೇಕು. ಮನೆಯ ಎಲ್ಲ ಸಾಲಗಳ ತಿಂಗಳ ಕಂತು ಕೂಡಿಸಿದರೆ ಆ ಮನೆಯ ತಿಂಗಳ ಆದಾಯದ ಅರ್ಧ ಮೀರಬಾರದು. ಅಂದರೆ ಗಂಡನ ಸಾಲ, ಹೆಂಡತಿಯ ಸಾಲ ಎರಡನ್ನೂ ಕೂಡಿಸಿಯೇ ನೋಡಬೇಕು. ಮುಂಬೈಯಲ್ಲಿ ಕುಳಿತ ರಿಜರ್ವ್ ಬ್ಯಾಂಕಿಗೆ ಇಂಡಿ ತಾಲೂಕಿನ ಗಂಡ-ಹೆಂಡತಿ ಒಂದೇ ಲೆಕ್ಕ ಎಂದು ಗೊತ್ತಿದೆ. ಒಂದೇ ಗಂಗಾಳದಲ್ಲಿ ಉಣ್ಣುವ ಇಬ್ಬರಿಗೆ ಇನ್ನೂ ಗೊತ್ತಾಗಿಲ್ಲ.

ಸಾಲ ಕೊಡುವವರು ಈ ಅರ್ಧದ ನಿಯಮವನ್ನು ಎಷ್ಟು ನೋಡುತ್ತಾರೆ ಎಂಬುದು ಬೇರೆ ವಿಚಾರ. ಅರ್ಜಿಯ ಫಾರ್ಮಿನಲ್ಲಿ ಆದಾಯದ ಕಲಮಿಗೆ ಏಜೆಂಟನೇ ಒಂದು ಅಂಕಿ ತುಂಬಿದರೆ ನಿಯಮ ಫೈಲಿನಲ್ಲಿ ಉಳಿಯುತ್ತದೆ, ಮನೆ ಸಾಲದಲ್ಲಿ ಮುಳುಗುತ್ತದೆ. ವಸೂಲಿಯವರ ಕಾಟಕ್ಕೆ ಊರು ಬಿಟ್ಟವರ, ಜೀವ ಕಳೆದುಕೊಂಡವರ ಸುದ್ದಿ 2025ರ ಜನವರಿಯಲ್ಲಿ ರಾಜ್ಯದ ಹಲವು ಜಿಲ್ಲೆಗಳಿಂದ ಬಂತು. ಫೆಬ್ರುವರಿ 12ರಂದು ಸರಕಾರದ ಸುಗ್ರೀವಾಜ್ಞೆ ಜಾರಿಗೆ ಬಂತು. ಮನೆ ಮುಂದೆ ಕೂತು ಕಾಡುವುದು, ಬೈಯುವುದು, ಬೆದರಿಸುವುದು, ಸಾಮಾನು ಎತ್ತಿಕೊಂಡು ಹೋಗುವುದು ಅಪರಾಧ. ಹತ್ತು ವರ್ಷದ ತನಕ ಜೈಲು, 5 ಲಕ್ಷದ ತನಕ ದಂಡ. ಕಾಯಿದೆ ಬಂದದ್ದು ಒಳ್ಳೆಯದಾಯಿತು. ಆದರೆ ಹೊರಗಿನವ ಕಾಡಿದರೆ ಪೊಲೀಸರ ಕಡೆ ಹೋಗಬಹುದು. ಒಳಗೆ ಅಡಗಿಸಿಟ್ಟ ಸಾಲದ ಹೆದರಿಕೆಗೆ ಯಾವ ಕಾಯಿದೆಯೂ ಇಲ್ಲ. "ಯಜಮಾನ್ರಿಗೆ ಗೊತ್ತಾದ್ರ ಏನ ಗತಿ" ಎಂಬ ಹೆದರಿಕೆ ಏಜೆಂಟನಿಗೆ ಚೆನ್ನಾಗಿ ಗೊತ್ತು. ಅವನ ಅರ್ಧ ಬಲ ಅದೇ. ಗಂಡನಿಗೆ ಮೊದಲೇ ಗೊತ್ತಿದ್ದ ಸಾಲಕ್ಕೆ ಮನೆ ಮುಂದೆ ನಿಂತು ಕೂಗಿದರೆ ಅರ್ಧ ಕೂಗು ವ್ಯರ್ಥ.

ಗಂಡಸರ ಗುಟ್ಟು

ಹೆಂಗಸರ ಗುಟ್ಟಿನ ಸಾಲ ಬುಧವಾರಕ್ಕೊಮ್ಮೆ ಬಯಲಿಗೆ ಬರುತ್ತದೆ. ಗಂಡಸರದು ವರ್ಷಗಟ್ಟಲೆ ಒಳಗೇ ಇರುತ್ತದೆ. ಅಡತಿ ಅಂಗಡಿಯಲ್ಲಿ ತಂದ ಮುಂಗಡ, ಗೊಬ್ಬರದಂಗಡಿಯ ಉದ್ರಿ, ಗೆಳೆಯನಿಗೆ ಹಾಕಿದ ಜಾಮೀನು, ಸೊಸೈಟಿಯ ಬಾಕಿ. ಈಚೆಗೆ ಮೊಬೈಲಿನಲ್ಲಿ ಆಡಿ ಕಳೆದುಕೊಂಡದ್ದು. ರೊಕ್ಕ ಹಚ್ಚಿ ಆಡುವ ಆನಲೈನ್ ಆಟಗಳನ್ನು ನಿಷೇಧಿಸುವ ಕೇಂದ್ರದ ಕಾಯಿದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಆಟ ನಿಂತರೂ ಆಟದ ಸಲುವಾಗಿ ಮಾಡಿದ ಕೈಗಡ ನಿಲ್ಲಲಿಲ್ಲ. ಕುಡಿತದ ಮಾತು ಎತ್ತಿದರೆ ಈ ಅಂಕಣ ಸಾಲದು.

ಗಂಡ ಯಾಕೆ ಮುಚ್ಚಿಡುತ್ತಾನೆ? ಎಲ್ಲರೂ ಕೆಟ್ಟವರಲ್ಲ. ಬಹಳ ಮಂದಿ ಮರ್ಯಾದೆಗೆ ಅಂಜುತ್ತಾರೆ. ಹೊಲದಲ್ಲಿ ಲುಕ್ಸಾನ ಆಯಿತು ಎಂದು ಹೆಂಡತಿಯ ಮುಂದೆ ಹೇಳಿದರೆ ಗಂಡಸುತನ ಕಡಿಮೆ ಆಗುತ್ತದೆ ಎಂಬ ಭ್ರಮೆ. "ಯಾಕ ಸುಮ್ನ ಆಕಿಗೆ ಚಿಂತಿ ಹಚ್ಚೂದು" ಎಂದು ಸಮಾಧಾನ ಬೇರೆ. ಚಿಂತೆ ಹಚ್ಚಬಾರದೆಂದು ಮುಚ್ಚಿಟ್ಟವನು ಒಂದು ದಿನ ಹಾರ್ಟ್ ಅಟ್ಯಾಕಿಗೋ ರಸ್ತೆಯ ಮೇಲಿನ ಅಪಘಾತಕ್ಕೋ ಹೋಗಿಬಿಟ್ಟರೆ, ದಿನಕರ್ಮ ಮುಗಿಯುವುದರೊಳಗೆ ಸಾಲಗಾರರು ಪಾಳಿ ಹಚ್ಚುತ್ತಾರೆ. ಯಾವುದು ಖರೆ, ಯಾವುದು ಸುಳ್ಳು ಎಂದು ಆ ಹೆಣ್ಣುಮಗಳಿಗೆ ಗೊತ್ತಿಲ್ಲ. ಚೀಟಿ ತೋರಿಸಿದವರಿಗೂ ಕೊಡುತ್ತಾಳೆ, ಬಾಯಿಮಾತು ಹೇಳಿದವರಿಗೂ ಕೊಡುತ್ತಾಳೆ.

ಇಲ್ಲಿ ಒಂದು ಕಾಯಿದೆಯ ಮಾತು ಹೇಳಿಬಿಡುವುದು ಒಳ್ಳೆಯದು. ಗಂಡ ತನ್ನೊಬ್ಬನ ಹೆಸರಿನಲ್ಲಿ ಮಾಡಿದ ಸಾಲಕ್ಕೆ ಹೆಂಡತಿ ಸಹಿ ಹಾಕಿರದಿದ್ದರೆ, ಜಾಮೀನು ನಿಂತಿರದಿದ್ದರೆ, ಆಕೆಯ ಸ್ವಂತ ದುಡಿಮೆ ಮತ್ತು ಸ್ವಂತ ಬಂಗಾರಕ್ಕೆ ಸಾಲಗಾರ ಕೈ ಹಾಕುವಂತಿಲ್ಲ. ಸತ್ತವನು ಬಿಟ್ಟುಹೋದ ಆಸ್ತಿ ಎಷ್ಟೋ ಅಷ್ಟರ ಮಟ್ಟಿಗೆ ಮಾತ್ರ ವಾರಸುದಾರರು ಸಾಲಕ್ಕೆ ಗುರಿ.

ಬಂಗಾರದ ಮಾತು ಬಂತು. 2025ರ ಏಪ್ರಿಲದಲ್ಲಿ ಹತ್ತು ಗ್ರಾಮ್ ಬಂಗಾರ ಒಂದು ಲಕ್ಷ ಮುಟ್ಟಿತು. ಅಂದಿನಿಂದ ಹೆಂಡತಿಯ ಕೊರಳಲ್ಲಿದ್ದ ಬೋರಮಾಳ ಗಂಡನ ಕಣ್ಣಿಗೆ ಬ್ಯಾಂಕಿನ ಚೆಕ್ಕಿನಂತೆ ಕಾಣತೊಡಗಿದೆ. "ಗಿರವಿ ಇಟ್ಟ, ಕಬ್ಬಿನ ಬಿಲ್ಲ ಬಂದ ಕೂಡ್ಲೆ ಬಿಡಿಸಿ ಕೊಡ್ತೀನಿ." ಬಿಲ್ಲು ಬರುತ್ತದೆ, ಹೋಗುತ್ತದೆ, ಬೋರಮಾಳ ಬರುವುದಿಲ್ಲ. 2024ರ ಏಪ್ರಿಲ್ 24ರಂದು ಸುಪ್ರೀಂ ಕೋರ್ಟು ಕೇರಳದ ಒಂದು ದಂಪತಿಯ ಮೊಕದ್ದಮೆಯಲ್ಲಿ ಇದನ್ನು ಸ್ಪಷ್ಟ ಮಾಡಿದೆ. ಸ್ತ್ರೀಧನ ಗಂಡ-ಹೆಂಡತಿಯ ಜಂಟಿ ಆಸ್ತಿ ಅಲ್ಲ, ಅದು ಹೆಂಡತಿಯ ಸ್ವಂತದ್ದು. ಕಷ್ಟಕಾಲದಲ್ಲಿ ಗಂಡ ಬಳಸಿಕೊಳ್ಳಬಹುದು, ಆದರೆ ಅದನ್ನು ಇಲ್ಲವೇ ಅದರ ಬೆಲೆಯನ್ನು ತಿರುಗಿ ಕೊಡುವುದು ಅವನ ನೈತಿಕ ಹೊಣೆ. ಆ ಮೊಕದ್ದಮೆಯಲ್ಲಿ ಹೆಂಡತಿಯ ಬಂಗಾರದ ಸಲುವಾಗಿ 25 ಲಕ್ಷ ರೂಪಾಯಿ ಕೊಡಲು ಹೇಳಿದರು. ಬೋರಮಾಳ ಕೇಳುವಾಗ ಗಂಡಂದಿರು ಆ ಅಂಕಿಯನ್ನು ನೆನಪಿಟ್ಟುಕೊಂಡರೆ ಸಾಕು.

ಜೀರಿಗೆ ಡಬ್ಬಿಯ ನೋಟು

ಹಿಂದಿನ ಹೆಂಗಸರು ಜಾಣರು. ಜೀರಿಗೆ ಡಬ್ಬಿಯಲ್ಲಿ, ಜ್ವಾಳದ ಗಡಿಗೆಯಲ್ಲಿ, ಹಳೆಯ ಸೀರೆಯ ಮಡಿಕೆಯಲ್ಲಿ ನಾಲ್ಕು ಕಾಸು ಮುಚ್ಚಿಡುತ್ತಿದ್ದರು. 2016ರ ನವೆಂಬರ್ 8ರ ರಾತ್ರಿ 500 ಮತ್ತು 1,000ದ ನೋಟು ರದ್ದಾದಾಗ ದೇಶದ ತುಂಬ ಆ ಡಬ್ಬಿಗಳ ಮುಚ್ಚಳ ತೆರೆದವು. ಗಂಡನಿಂದ ಇಪ್ಪತ್ತು ವರ್ಷ ಅಡಗಿಸಿಟ್ಟದ್ದನ್ನು ಗಂಡನ ಕೈಗೇ ಕೊಟ್ಟು "ಬ್ಯಾಂಕಿಗೆ ಹಾಕ್ರಿ" ಎನ್ನಬೇಕಾಯಿತು. ಎಷ್ಟೋ ಗಂಡಸರು ಬೆರಗಾದರು, ಕೆಲವರು ಸಿಟ್ಟಾದರು. ಆ ರೊಕ್ಕ ತಿರುಗಿ ಡಬ್ಬಿಗೆ ಬಂದ ಮನೆ ಎಷ್ಟು ಎಂದು ಎಣಿಸಿದವರಿಲ್ಲ.

ಆ ಡಬ್ಬಿಯ ರೊಕ್ಕ ಕಳ್ಳತನದ್ದಾಗಿರಲಿಲ್ಲ. ಮಗಳು ತವರಿಗೆ ಬಂದು ಹೋಗುವಾಗ ಕೈಯಲ್ಲಿಡುವ ನೂರು ರೂಪಾಯಿ, ನಡುರಾತ್ರಿ ಜ್ವರ ಬಂದ ಕೂಸಿಗೆ ಔಷಧ ಅದರಿಂದಲೇ. ಹೀಗಾಗಿ 'ಎಲ್ಲ ಲೆಕ್ಕ ಒಪ್ಪಿಸು' ಎಂದು ಹೆಂಡತಿಯ ಮುಂದೆ ಆಡಿಟರ್ ಆಗಿ ಕೂಡುವ ಗಂಡ ಬೇಕಾಗಿಲ್ಲ. ಸಂತಿಯಿಂದ ಬಂದ ಕೂಡಲೆ ಚೀಲ ಸುರುವಿ ಮೆಣಸಿನಕಾಯಿಯ ದರ ಕೇಳುವ ಗಂಡಸರು ಇದ್ದಾರೆ. ತಮ್ಮ ಚಾ, ಗುಟಖಾದ ಲೆಕ್ಕ ಕೇಳಿದರೆ ಎದ್ದು ಹೋಗುತ್ತಾರೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆಯಲ್ಲಿ 'ಆರ್ಥಿಕ ಹಿಂಸೆ' ಎಂಬ ಮಾತು ಸುಮ್ಮನೆ ಬಂದಿಲ್ಲ. ಮನೆಖರ್ಚಿಗೆ ಕೊಡದಿರುವುದು, ಆಕೆಯ ರೊಕ್ಕ-ಒಡವೆಯನ್ನು ಕಸಿದು ಇಟ್ಟುಕೊಳ್ಳುವುದು, ಮಾರಿ ತಿನ್ನುವುದು ಎಲ್ಲ ಅದರೊಳಗೆ ಬರುತ್ತವೆ. ಅಲ್ಲಿಯ ಮಟ್ಟಕ್ಕೆ ಹೋದ ಮನೆಗೆ ಅಂಕಣದ ಬುದ್ಧಿಮಾತು ಉಪಯೋಗಕ್ಕೆ ಬಾರದು. ಅಂಥವರಿಗೆ 181 ಎಂಬ ಮಹಿಳಾ ಸಹಾಯವಾಣಿ ಇದೆ.

ನದಿಯಾಚೆಯ ಕಬ್ಬಿನ ಪಡಗಳಲ್ಲಿ ಗಂಡ-ಹೆಂಡತಿ ಜೋಡಿಗೆ 'ಕೋಯ್ತಾ' ಎನ್ನುತ್ತಾರೆ. ಕೋಯ್ತಾ ಎಂದರೆ ಕಬ್ಬು ಕಡಿಯುವ ಕತ್ತಿ. ಇಬ್ಬರು ಕೂಡಿ ಒಂದು ಕತ್ತಿ. ಗಂಡ ಕಡಿಯುತ್ತಾನೆ, ಹೆಂಡತಿ ರವದಿ ಸುಲಿದು, ಸೂಡು ಕಟ್ಟಿ, ತಲೆಯ ಮೇಲೆ ಹೊತ್ತು ಗಾಡಿಗೆ ಏರಿಸುತ್ತಾಳೆ. ಮುಕಾದಮನು ಸುಗ್ಗಿಗೆ ಮೊದಲು ಕೊಡುವ ಮುಂಗಡ ಸಾಮಾನ್ಯವಾಗಿ ಗಂಡನ ಕೈಗೆ. ತೀರಿಸುವುದು ಇಬ್ಬರ ಮೈಯಿಂದ. ಸಾಲ ಮಾಡಿದ್ದು ಒಂದು ಕೈ, ದುಡಿದು ಮುಟ್ಟಿಸಿದ್ದು ನಾಲ್ಕು ಕೈ. ನೆಟ್ಟಗೆ ಹೇಳಬೇಕೆಂದರೆ ಬಹಳ ಸಂಸಾರಗಳ ರೊಕ್ಕದ ವ್ಯವಹಾರ ಇದೇ ಮಾದರಿಯದು. ಕತ್ತಿ ಕಾಣುವುದಿಲ್ಲ, ಅಷ್ಟೇ.

ಮಾರಯ್ಯ ತೋರಿಸಿದ ಅಕ್ಕಿ

ಬಸವಣ್ಣ ಹುಟ್ಟಿದ ಬಾಗೇವಾಡಿ ಇರುವ ಜಿಲ್ಲೆ ಇದು. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಎಂಬ ದಂಪತಿಯ ಕತೆ ಇಲ್ಲಿ ಪುರಾಣ-ಪ್ರವಚನದಲ್ಲಿ ಕೇಳದವರಿಲ್ಲ. ಕಲ್ಯಾಣದಲ್ಲಿ ಮಾರಯ್ಯ ಬಿದ್ದ ಅಕ್ಕಿ ಆಯ್ದು ತರುತ್ತಿದ್ದ. ಒಂದು ದಿನ ಹೆಚ್ಚಿಗೆ ತಂದ. ಇದು ನಮಗೆ ಬೇಡ, ತಿರುಗಿ ಅಲ್ಲೇ ಸುರುವಿ ಬಾ ಎಂದಳು ಲಕ್ಕಮ್ಮ. ಪ್ರವಚನದಲ್ಲಿ ಇಲ್ಲಿಗೆ ಚಪ್ಪಾಳೆ ಬೀಳುತ್ತದೆ. ಹೆಂಡತಿ ಎಂದರೆ ಹೀಗಿರಬೇಕು, ಆಸೆ ಇರಬಾರದು ಎಂದು ಗಂಡಸರು ಪಕ್ಕದಲ್ಲಿದ್ದ ಹೆಂಡತಿಯ ಕಡೆ ನೋಡುತ್ತಾರೆ.

ಮಾರಯ್ಯ ಏನು ಮಾಡಿದ ಎಂಬುದನ್ನು ಯಾರೂ ಹೇಳುವುದಿಲ್ಲ. ತಂದ ಅಕ್ಕಿಯನ್ನು ಹೆಂಡತಿಯ ಮುಂದೆ ಇಟ್ಟ. ಅರ್ಧ ಅಡತಿಯಲ್ಲಿ ಬಿಟ್ಟು, ಅರ್ಧ ಗೆಳೆಯನ ಮನೆಯಲ್ಲಿಟ್ಟು, ದಿನದ ಲೆಕ್ಕದ್ದಷ್ಟೇ ಮನೆಗೆ ತಂದಿದ್ದರೆ ಲಕ್ಕಮ್ಮನಿಗೆ ಬೇಡ ಎನ್ನಲು ಏನಿರುತ್ತಿತ್ತು? ಆಕೆ ಕೇಳಿದಾಗ "ನಿನಗ್ಯಾಕ ಬೇಕ ಅದು?" ಎಂದೂ ಅನ್ನಲಿಲ್ಲ. ತಂದದ್ದನ್ನು ತೋರಿಸುವ ಗಂಡ, ಕೇಳುವ ಅಧಿಕಾರ ಇರುವ ಹೆಂಡತಿ. ಎಂಟುನೂರಕ್ಕೂ ಹೆಚ್ಚು ವರ್ಷದ ಹಿಂದೆ ಅಕ್ಕಿ ಆಯ್ದು ಉಣ್ಣುವವರ ಗುಡಿಸಲಿನಲ್ಲಿ ಇದ್ದದ್ದು ಈಗ ಆರ್‌ಸಿಸಿ ಮನೆಗಳಲ್ಲಿ ಇಲ್ಲ.

ಅಂಗಡಿಕಾರರ ಪಾಲು

ಊರಿನ ಗಂಡ-ಹೆಂಡಿರ ಲೆಕ್ಕ ಅವರಿಗಿಂತ ಚೆನ್ನಾಗಿ ಗೊತ್ತಿರುವ ಒಬ್ಬ ಮನುಷ್ಯ ಇದ್ದಾನೆ. ಅವನೇ ಕಿರಾಣಿ ಅಂಗಡಿಕಾರ. ಉದ್ರಿ ಪುಸ್ತಕದಲ್ಲಿ ಮೇಲೆ ಗಂಡನ ಹೆಸರು. ಕೆಳಗೆ ಬರೆಸಿದ್ದು ಹೆಂಡತಿಯ ಎಣ್ಣೆ, ಬೇಳೆ, ಸಾಬಾನು, ಗಂಡನ ಬೀಡಿ, ಮಗನ ರೀಚಾರ್ಜು. ಬಾಕಿ ಎಷ್ಟಾಯಿತೆಂದು ಗಂಡನಿಗೆ ಗೊತ್ತಾಗುವುದು ಕಬ್ಬಿನ ಬಿಲ್ಲು ಬಂದಾಗ. ಆಗ ಅವನು ಮನೆಗೆ ಹೋಗಿ "ಆರ ತಿಂಗಳಿಗೆ ಇಷ್ಟ ಎಣ್ಣಿ ಕುಡದ್ರೇನ?" ಎಂದು ಕೇಳುತ್ತಾನೆ. ಬೀಡಿಯ ಸಾಲುಗಳನ್ನು ಓದಿ ಹೇಳುವುದಿಲ್ಲ.

ದೀಪಾವಳಿ ಪಾಡ್ಯಕ್ಕೆ ಹೊಸ ಖಾತೆ ಪುಸ್ತಕ ಪೂಜೆ ಮಾಡುವಾಗ ಅಂಗಡಿಕಾರರು ಒಂದು ಕೆಲಸ ಮಾಡಬಹುದು. ಉದ್ರಿ ಖಾತೆಯ ತಲೆಯ ಮೇಲೆ ಇಬ್ಬರ ಹೆಸರೂ ಬರೆಯಲಿ. ತಿಂಗಳಿಗೊಮ್ಮೆ ಬಾಕಿಯ ಅಂಕಿಯನ್ನು ಒಂದು ಚೀಟಿಯಲ್ಲಿ ಬರೆದು ಸಾಮಾನಿನ ಚೀಲದಲ್ಲಿ ಹಾಕಿ ಕೊಡಲಿ. ಗಿರಾಕಿ ಸಿಟ್ಟಾದಾನು ಎಂಬ ಅಂಜಿಕೆ ಸಹಜ. ಒಮ್ಮೆಲೆ ಆರು ತಿಂಗಳ ಬಾಕಿ ಕೇಳಿದಾಗ ಆಗುವ ಸಿಟ್ಟಿಗಿಂತ ಇದು ಕಡಿಮೆಯೇ. ಬಾಕಿ ಮುಳುಗುವ ಭಯವೂ ಕಡಿಮೆ. ಇದು ಪುಣ್ಯದ ಕೆಲಸ ಎಂದೇನೂ ಹೇಳುವುದಿಲ್ಲ, ವ್ಯಾಪಾರದ ಲೆಕ್ಕದಲ್ಲೇ ಲಾಭ.

ಮನೆಯವರ ಪಾಲಿನದು ಇನ್ನೂ ಸರಳ. ತಿಂಗಳಿಗೊಮ್ಮೆ, ಅಮಾಸಿಯಂದು ಎತ್ತು ಬಿಡುವು ಇರುವ ದಿನ, ಊಟ ಆದಮೇಲೆ ಇಬ್ಬರೂ ಕೂಡಬೇಕು. ಸಿಟ್ಟಿನಲ್ಲಿ ಅಲ್ಲ, ಸಾಲಗಾರ ಬಂದು ನಿಂತಾಗ ಅಲ್ಲ. ಮಗ ಅಥವಾ ಮಗಳ ಹಳೆಯ ನೋಟಬುಕ್ಕಿನ ಹಾಳೆ ಸಾಕು. ಗಂಡನ ಸಾಲ, ಹೆಂಡತಿಯ ಸಾಲ, ಉದ್ರಿ, ಹಪ್ತೆ ಎಲ್ಲ ಒಂದೇ ಹಾಳೆಯ ಮೇಲೆ. ಮೊದಲ ಸಲ ಜಗಳ ಆಗುತ್ತದೆ, ಆಗಲಿ. ಗುಟ್ಟಿನ ಸಾಲ ಹೊರಬಂದಾಗ ಆಗುವ ಜಗಳ ಒಂದು ಸಲದ್ದು. ಮುಂದೆ ಯಾವ ಹೊಸ ಸಾಲವಾದರೂ ಇಬ್ಬರೂ ಹೂಂ ಎಂದಮೇಲೆ. ಹೆಂಡತಿಯ ಕೈಗೆ, ಗಂಡನ ಕಿಸೆಗೆ ಇಷ್ಟಿಷ್ಟು ಎಂದು ಯಾರೂ ಲೆಕ್ಕ ಕೇಳದ ರೊಕ್ಕ ತೆಗೆದಿಡಬೇಕು. ಜೀರಿಗೆ ಡಬ್ಬಿ ಇರಲಿ, ಮುಚ್ಚಳ ಮಾತ್ರ ಬೇಡ.

"ಅವೆಲ್ಲಾ ಪ್ಯಾಟಿ ಮಂದಿ ಮಾಡೋವು" ಎನ್ನುವವರು ಇದ್ದೇ ಇರುತ್ತಾರೆ. ಪೇಟೆಯಲ್ಲೂ ಇದು ಆಗಿಲ್ಲ. ಆಗಿದ್ದರೆ 2024ರ ಜುಲೈ 10ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರು, ಕರ್ನಾಟಕದವರೇ, ಜೀವನಾಂಶದ ಒಂದು ಮೊಕದ್ದಮೆಯ ತೀರ್ಪಿನಲ್ಲಿ ಆ ಮಾತು ಬರೆಯಬೇಕಾಗಿರಲಿಲ್ಲ. ಸ್ವಂತ ಆದಾಯವಿಲ್ಲದ ಹೆಂಡತಿಗೆ ಮನೆಖರ್ಚಿನ ಹೊರತಾಗಿಯೂ ರೊಕ್ಕ ಕೈಗೆ ಸಿಗುವಂತೆ ಗಂಡ ಮಾಡಬೇಕು, ಜಂಟಿ ಖಾತೆ ಇಡಬೇಕು, ಎಟಿಎಂ ಕಾರ್ಡು ಆಕೆಯ ಕೈಗೂ ಸಿಗಬೇಕು ಎಂಬುದು ಅವರ ಮಾತಿನ ಸಾರ. ಅದು ಆಜ್ಞೆಯಲ್ಲ, ತಿಳುವಳಿಕೆ.

ಬ್ಯಾಂಕಿನಲ್ಲಿ ಜಂಟಿ ಖಾತೆ ಮಾಡಿಸುವುದು ದೊಡ್ಡ ಕೆಲಸವೇನಲ್ಲ. ಇಬ್ಬರ ಆಧಾರ್, ಫೋಟೊ, ಸಹಿ ಇಲ್ಲವೇ ಹೆಬ್ಬೆಟ್ಟು. 'ಇಬ್ಬರಲ್ಲಿ ಒಬ್ಬರು ಅಥವಾ ಉಳಿದವರು' ಎಂದು ಫಾರ್ಮಿನಲ್ಲಿ ಬರೆಸಿದರೆ ಯಾರು ಬೇಕಾದರೂ ತೆಗೆಯಬಹುದು, ಒಬ್ಬರು ಹೋದರೆ ಮತ್ತೊಬ್ಬರು ರೊಕ್ಕಕ್ಕಾಗಿ ವಾರಸಾ ಸರ್ಟಿಫಿಕೇಟು ಹುಡುಕುತ್ತ ತಿರುಗಬೇಕಾಗಿಲ್ಲ. 'ಇಬ್ಬರೂ ಕೂಡಿ' ಎಂದು ಬರೆಸಿದರೆ ಇಬ್ಬರ ಸಹಿ ಇಲ್ಲದೆ ಒಂದು ಪೈಸೆ ಹೊರಬರುವುದಿಲ್ಲ. ಕುಡಿಯುವ ಗಂಡ ಇದ್ದ ಮನೆಗೆ ಎರಡನೆಯದು ಮೇಲು. ಕಬ್ಬಿನ ಬಿಲ್ಲು ಅದೇ ಖಾತೆಗೆ ಬರುವಂತೆ ಅರ್ಜಿ ಕೊಟ್ಟುಬಿಟ್ಟರೆ "ಎಷ್ಟ ಬಂತ್ರಿ?" ಎಂದು ಕೇಳುವ ಪ್ರಸಂಗವೇ ಬರುವುದಿಲ್ಲ. ಹೆಂಡತಿಯ ಗೃಹಲಕ್ಷ್ಮಿ ಖಾತೆ ಮಾತ್ರ ಆಕೆಯ ಹೆಸರಿನಲ್ಲೇ, ಆಕೆಯ ಮೊಬೈಲ ನಂಬರಿಗೇ ಇರಲಿ.

ಖರ್ಚಿನ ಚಿಂತೆ ಇರುವವರಿಗೆ ಇನ್ನೊಂದು ಲೆಕ್ಕ. ಅಗರಖೇಡದಿಂದ ಇಂಡಿಗೆ ಇಬ್ಬರೂ ಕೂಡಿ ಹೋದರೆ ಹೆಂಡತಿಗೆ ಟಿಕೇಟಿನ ರೊಕ್ಕವಿಲ್ಲ. 2025ರ ಜನವರಿಯಲ್ಲಿ ಬಸ್ ದರ ನೂರಕ್ಕೆ 15 ಏರಿದ್ದು ಗಂಡನ ಟಿಕೇಟಿಗೆ ಮಾತ್ರ.